ನಿರ್ಯಾಪಕರು: ಪ್ರಾಚೀನ ಜೈನಸಂಘದಲ್ಲಿ ವೃದ್ಧಪರಿಚರ್ಯೆಯ ಕ್ರಮ

ಕನ್ನಡನಾಡಿನ ಜೈನಶಾಸನಗಳಲ್ಲಿ ಸಂನ್ಯಸನ, ಸಮಾಧಿ, ಆರಾಧನೆ ಎಂಬ ಮಾತುಗಳು ಪದೇ ಪದೇ ಬರುತ್ತವೆ. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದಲ್ಲಿ ಕ್ರಿ. ಶ. ಸುಮಾರು ೭ನೆಯ ಶತಮಾನದಿಂದ ಮೊದಲ್ಗೊಂಡು ಬಂಡೆಗಳ ಮೇಲೂ ಕಂಬಗಳ ಮೇಲೂ ಕಂಡರಿಸಿರುವ ನಿಸಿದಿಯ ಬರೆಹಗಳು ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟದಲ್ಲಿ ಸಂಗ್ರಹವಾಗಿವೆ. ವಿದ್ವಾಂಸರು ಇವುಗಳಿಂದ ಗುರುಪರಂಪರೆಗಳನ್ನೂ ರಾಜವಂಶಗಳ ಕಾಲವನ್ನೂ ಹಳಗನ್ನಡದ ರೂಪಗಳನ್ನೂ ನಿರ್ಣಯಿಸಿದ್ದಾರೆ. ಆದರೆ ಈ ಶಾಸನಗಳ ಹಿಂದೆ ಇನ್ನೊಂದು ಇತಿಹಾಸವಿದೆ. ಅದರ ಕಡೆಗೆ ಹರಿದಿರುವ ದೃಷ್ಟಿ ಅಲ್ಪ. ನೋಂತು ಮುಡಿಪಿದ ಮುನಿ ಮುಪ್ಪಿನಿಂದ ಏಳಲಾರದೆ ಮಲಗಿದ್ದಾಗ ಅವನ ಮಗ್ಗುಲನ್ನು ತಿರುಗಿಸಿದವರು ಯಾರು, ನೀರನ್ನು ತಂದವರು ಯಾರು, ರಾತ್ರಿಯಲ್ಲಿ ಎಚ್ಚರವಿದ್ದವರು ಯಾರು ಎಂಬುದೇ ಆ ಇತಿಹಾಸ. ಕಲ್ಲು ಇದನ್ನು ಹೇಳುವುದು ವಿರಳ. ಗ್ರಂಥಗಳಲ್ಲಿ ಮಾತ್ರ ಇದಕ್ಕೆ ವಿವರವಾದ ಉತ್ತರವುಂಟು.

ಈ ವಿಷಯಕ್ಕೆ ಮುಖ್ಯವಾದ ಆಧಾರ ಶಿವಾರ್ಯನ ಭಗವತೀ ಆರಾಧನೆ. ಮೂಲಾರಾಧನೆಯೆಂದೂ ಹೆಸರುಳ್ಳ ಈ ಗ್ರಂಥವು ಜೈನಶೌರಸೇನೀ ಪ್ರಾಕೃತದಲ್ಲಿ ಎರಡು ಸಾವಿರಕ್ಕೂ ಮಿಕ್ಕ ಗಾಹೆಗಳಿಂದ ಕೂಡಿದೆ. ಅಪರಾಜಿತಸೂರಿಯ ವಿಜಯೋದಯಾ ಟೀಕೆಯೂ ಕ್ರಿ. ಶ. ೧೩ನೆಯ ಶತಮಾನದ ಆಶಾಧರನ ಮೂಲಾರಾಧನಾದರ್ಪಣವೂ ಇದಕ್ಕೆ ವ್ಯಾಖ್ಯಾನಗಳು. ಕನ್ನಡಕ್ಕೂ ಈ ಗ್ರಂಥಕ್ಕೂ ಇರುವ ಸಂಬಂಧ ಹೊರಗಿನದಲ್ಲ. ವಡ್ಡಾರಾಧನೆಯ ೧೯ ಕಥೆಗಳೂ ಇದರ ಗಾಹೆಗಳಲ್ಲಿ ಸೂಚಿತವಾದ ಮಹಾಪುರುಷರ ಕಥೆಗಳೇ ಎಂಬುದನ್ನು ಆ. ನೇ. ಉಪಾಧ್ಯೆಯವರು ೧೯೪೩ರಲ್ಲಿ ಪ್ರಕಟವಾದ ಬೃಹತ್ಕಥಾಕೋಶದ ಪೀಠಿಕೆಯಲ್ಲಿ ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಡಿ. ಎಲ್. ನರಸಿಂಹಾಚಾರ್ಯರ ವಡ್ಡಾರಾಧನೆಯ ಪರಿಷ್ಕರಣವು ೧೯೪೯ರಲ್ಲಿ ಹೊರಬಂದಿತು. ಕಥೆಗಳನ್ನು ಓದುವವರು ಆ ಕಥೆಗಳಿಗೆ ಆಧಾರವಾದ ಆಚಾರವನ್ನೂ ತಿಳಿದರೆ ಹಲವು ಸಂದರ್ಭಗಳು ಸ್ಪಷ್ಟವಾಗುತ್ತವೆ.

೧. ಪರಿಚರ್ಯೆಗೆ ಅರ್ಹನಾದವನು

ಸಮಂತಭದ್ರನ ರತ್ನಕರಂಡಕದಲ್ಲಿ ಸಲ್ಲೇಖನಕ್ಕೆ ನಿಮಿತ್ತಗಳಾಗಿ ಹೇಳಿರುವುದು ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ನಾಲ್ಕು, ಇವು ಪ್ರತೀಕಾರವಿಲ್ಲದವುಗಳಾಗಿರಬೇಕು. ಶಿವಾರ್ಯನು ಮುಪ್ಪಿನ ಲಕ್ಷಣವನ್ನು ಇನ್ನೂ ಹತ್ತಿರದಿಂದ ನೋಡಿದ್ದಾನೆ. ಶ್ರಮಣಧರ್ಮದ ನಡವಳಿಕೆಗೆ ಹಾನಿಯನ್ನುಂಟುಮಾಡುವ ಜರೆ, ಕಣ್ಣಿನ ದೌರ್ಬಲ್ಯ, ಕಿವಿಯ ದೌರ್ಬಲ್ಯ, ಜಂಘಾಬಲವು ಕುಗ್ಗಿ ವಿಹರಿಸಲಾರದ ಸ್ಥಿತಿ ಇವನ್ನೆಲ್ಲ ಅವನು ಬಿಡಿಬಿಡಿಯಾಗಿ ಎಣಿಸುತ್ತಾನೆ. ಸಲ್ಲೇಖನವನ್ನು ಕೈಕೊಂಡವನಿಗೆ ಈ ಶಾಸ್ತ್ರದಲ್ಲಿ ಕ್ಷಪಕನೆಂದು ಹೆಸರು. ಅವನನ್ನು ಕಡೆಯವರೆಗೆ ನಡಸುವವನು ನಿರ್ಯಾಪಕ. ನಿರ್ಯಾಪಕನೆಂದರೆ ಹಡಗನ್ನು ನಡಸುವ ನಾವಿಕನೆಂಬ ಅರ್ಥವೂ ಉಂಟು. ರತ್ನಗಳನ್ನು ತುಂಬಿದ ಹಡಗನ್ನು ಮುಳುಗದಂತೆ ದಡಕ್ಕೆ ತರುವವನ ಉಪಮಾನವನ್ನು ಗ್ರಂಥಕಾರನೇ ಬಳಸಿಕೊಂಡಿದ್ದಾನೆ.

ಪಂಡಿತಮರಣದ ಮೂರು ಭೇದಗಳನ್ನು ಶಾಸ್ತ್ರಕಾರರು ಪರಿಚರ್ಯೆಯ ಆಧಾರದ ಮೇಲೆಯೇ ವಿಂಗಡಿಸಿರುವುದು ಗಮನಾರ್ಹ. ತಾನೂ ತನ್ನ ದೇಹವನ್ನು ನೋಡಿಕೊಂಡು ಪರರ ಸೇವೆಯನ್ನೂ ಸ್ವೀಕರಿಸುವುದು ಭಕ್ತಪ್ರತ್ಯಾಖ್ಯಾನ. ಪರರ ಸೇವೆಯನ್ನು ಬಿಟ್ಟು ತನ್ನದನ್ನು ತಾನೇ ಮಾಡಿಕೊಳ್ಳುವುದು ಇಂಗಿನೀ. ಎರಡನ್ನೂ ತೊರೆಯುವುದು ಪ್ರಾಯೋಪಗಮನ. ಕೊನೆಯ ಎರಡು ಅಸಾಧಾರಣ ಸಂಹನನವುಳ್ಳವರಿಗೆ ಮಾತ್ರ ಸಾಧ್ಯ. ಆದ್ದರಿಂದ ಗ್ರಂಥದ ಬಹುಭಾಗವು ಭಕ್ತಪ್ರತ್ಯಾಖ್ಯಾನಕ್ಕೆ, ಎಂದರೆ ಪರರ ಕೈಯ ಆಸರೆಯನ್ನು ಬೇಡುವ ಮರಣಕ್ಕೆ, ಮೀಸಲಾಗಿದೆ. ಇದರ ಉತ್ಕೃಷ್ಟ ಕಾಲಾವಧಿ ೧೨ ವರ್ಷ. ಹೀಗಾಗಿ ಇಲ್ಲಿ ವಿಚಾರಿಸುವ ಪರಿಚರ್ಯೆಯು ಕಡೆಯ ಒಂದೆರಡು ದಿನಗಳಿಗೆ ಸೀಮಿತವಾದುದಲ್ಲವೆಂದು ತಿಳಿಯಬೇಕು.

೨. ಎಡೆ ಮತ್ತು ಹಾಸುಗೆ

ಕ್ಷಪಕನು ಇರತಕ್ಕ ವಸತಿಯ ವಿಷಯದಲ್ಲಿ ಶಿವಾರ್ಯನ ನಿಯಮಗಳು ಕಟ್ಟಡದ ವೈಭವವನ್ನು ಕುರಿತವಲ್ಲ. ಹಾಡುವವರ, ಕುಣಿಯುವವರ ಮನೆಗಳ ಬಳಿ, ಆನೆ ಕುದುರೆಗಳ ಲಾಯಗಳ ಬಳಿ, ಗಾಣದವರ ಕೇರಿಯ ಬಳಿ ಆ ವಸತಿ ಇರಕೂಡದು. ಗದ್ದಲದಿಂದ ಮನಸ್ಸು ಕದಡುವ ಎಡೆ ಎಷ್ಟು ಭದ್ರವಾಗಿದ್ದರೂ ಅದು ಯೋಗ್ಯವಲ್ಲವೆಂಬುದು ತಾತ್ಪರ್ಯ. ಹಾಸುಗೆಗೆ ಸಂಸ್ತರವೆಂದು ಹೆಸರು. ಅದು ನೆಲ, ಕಲ್ಲು, ಹಲಗೆ, ಹುಲ್ಲು ಎಂದು ನಾಲ್ಕು ಬಗೆ.

ಇದರೊಡನೆ ಹೋಲಿಸತಕ್ಕದ್ದು ಚರಕಸಂಹಿತೆಯ ಸೂತ್ರಸ್ಥಾನದ ೧೫ನೆಯ ಅಧ್ಯಾಯದಲ್ಲಿ ಬರುವ ಆತುರಗೃಹದ ವರ್ಣನೆ. ಅಲ್ಲಿ ಮನೆ ಗಟ್ಟಿಯಾಗಿರಬೇಕು. ಹೊಗೆ, ಬಿಸಿಲು, ಧೂಳು ಸೋಕಬಾರದು. ಅಡುಗೆಯನ್ನು ಬಲ್ಲವರು, ಮೀಯಿಸುವವರು, ಮೈಯೊತ್ತುವವರು, ಎತ್ತಿ ಕೂರಿಸುವವರು, ಮಲಗಿಸುವವರು ಇರಬೇಕು. ಹಾಡು ಕಥೆಗಳನ್ನು ಬಲ್ಲ ಇಷ್ಟಜನರೂ ಬೇಕು. ಚರಕನ ಮನೆ ಸಂಪನ್ನನದು, ಶಿವಾರ್ಯನ ವಸತಿ ಅಕಿಂಚನನದು. ಇವನು ಗಾಯಕರನ್ನು ದೂರವಿಡುತ್ತಾನೆ, ಅವನು ಬರಮಾಡಿಕೊಳ್ಳುತ್ತಾನೆ. ಆದರೂ ಮಲಗಿದವನ ಚಿತ್ತದ ನೆಮ್ಮದಿ ಪರಿಚರ್ಯೆಯ ಅಂಗವೆಂಬಲ್ಲಿ ಇಬ್ಬರದೂ ಒಂದೇ ಮತ.

೩. ನಾಲ್ವತ್ತೆಂಟು ಮಂದಿಯ ಕಾರ್ಯವಿಭಾಗ

ಒಬ್ಬ ಕ್ಷಪಕನಿಗೆ ೪೮ ಮಂದಿ ನಿರ್ಯಾಪಕರು ಬೇಕೆಂದು ಭಗವತೀ ಆರಾಧನೆಯು ವಿಧಿಸುತ್ತದೆ. ಸಂಖ್ಯೆಯನ್ನು ಕೇಳಿದಾಗ ಇದು ಪುರಾಣದ ಅತಿಶಯೋಕ್ತಿಯೆಂದು ತೋರಬಹುದು. ಆದರೆ ಕೆಲಸಗಳ ಹಂಚಿಕೆಯನ್ನು ನೋಡಿದರೆ ಅದರ ಹಿಂದೆ ಅನುಭವವಿರುವುದು ಕಾಣುತ್ತದೆ. ನಾಲ್ವರು ನಾಲ್ವರಂತೆ ೧೨ ತಂಡಗಳು. ಮೊದಲನೆಯ ತಂಡದವರದು ಶರೀರಸೇವೆ: ಎಬ್ಬಿಸುವುದು, ಕುಳ್ಳಿರಿಸುವುದು, ನಡೆಯಿಸುವುದು, ಮಗ್ಗುಲು ಹೊರಳಿಸುವುದು, ಕೈಕಾಲುಗಳನ್ನು ಒತ್ತುವುದು. ಎರಡನೆಯ ತಂಡದವರು ಧರ್ಮಕಥೆಯನ್ನು ಹೇಳುವರು. ಮೂರನೆಯವರು ಆಹಾರವನ್ನೂ ನಾಲ್ಕನೆಯವರು ಪಾನವನ್ನೂ ತರುವರು. ತಂದುದನ್ನು ಐದನೆಯವರು ಕಾಯುವರು. ಆರನೆಯ ತಂಡದವರು ಮಲಮೂತ್ರಾದಿಗಳನ್ನು ತೆಗೆದು ವಸತಿಯನ್ನೂ ಸಂಸ್ತರವನ್ನೂ ಶುದ್ಧಿಮಾಡುವರು. ಏಳನೆಯವರು ಕ್ಷಪಕನ ಮನೆಯ ಬಾಗಿಲಲ್ಲಿಯೂ ಎಂಟನೆಯವರು ಧರ್ಮೋಪದೇಶದ ಮಂಟಪದ ಬಾಗಿಲಲ್ಲಿಯೂ ನಿಲ್ಲುವರು. ಒಂಬತ್ತನೆಯವರು ನಿದ್ದೆಯನ್ನು ಗೆದ್ದು ರಾತ್ರಿಯಲ್ಲಿ ಎಚ್ಚರವಾಗಿರುವರು. ಹತ್ತನೆಯವರು ನಾಡಿನ ಕ್ಷೇಮಾಕ್ಷೇಮಗಳನ್ನು ಅರಿಯುತ್ತಿರುವರು. ಹನ್ನೊಂದನೆಯವರು ನೋಡಬಂದ ಜನಕ್ಕೆ ಹೊರಗೇ ಧರ್ಮವನ್ನು ಹೇಳುವರು. ಹನ್ನೆರಡನೆಯ ತಂಡದವರು ವಾದಸಮರ್ಥರು.

ಈ ಹಂಚಿಕೆಯಲ್ಲಿ ಮೂರು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು, ಮಲಶೋಧನೆಯೂ ಧರ್ಮಕಥನವೂ ಒಂದೇ ಪಟ್ಟಿಯಲ್ಲಿ, ಒಂದೇ ಹೆಸರಿನಿಂದ, ಸಮಸಂಖ್ಯೆಯ ಮುನಿಗಳಿಗೆ ಒಪ್ಪಿಸಲ್ಪಟ್ಟಿರುವುದು. ಹೊಲಸನ್ನು ಎತ್ತುವವನೂ ನಿರ್ಯಾಪಕನೇ, ಆಗಮವನ್ನು ಹೇಳುವವನೂ ನಿರ್ಯಾಪಕನೇ. ಕೀಳೆಂದು ಎಣಿಸಲಾದ ಕೆಲಸವನ್ನು ಸಂಘದ ಹೊರಗಿನ ಆಳುಗಳಿಗೆ ಬಿಟ್ಟಿಲ್ಲ. ಎರಡನೆಯದು, ರಾತ್ರಿಯ ಜಾಗರಣೆಗೆ ಬೇರೆ ತಂಡವಿರುವುದು. ಹಗಲು ದುಡಿದವರೇ ಇರುಳಿನಲ್ಲಿಯೂ ಎಚ್ಚರವಿರಲೆಂದು ಶಾಸ್ತ್ರವು ನಿರೀಕ್ಷಿಸಲಿಲ್ಲ. ಮೂರನೆಯದು, ನೋಡಬರುವವರನ್ನು ಬಾಗಿಲಲ್ಲಿಯೇ ತಡೆದು ಹೊರಗೆ ಕೂರಿಸುವ ಏರ್ಪಾಟು. ಸಲ್ಲೇಖನದ ವಾರ್ತೆಯಿಂದ ಜನ ಸೇರುವುದು ಸಹಜ. ಆ ಜನರ ಭಕ್ತಿಯೂ ಮಲಗಿದವನಿಗೆ ಭಾರವಾಗಬಹುದೆಂಬ ವಿವೇಕ ಇಲ್ಲಿದೆ.

೪. ಒಬ್ಬನೇ ಇರಕೂಡದೆಂಬ ನಿಯಮ

೪೮ ಮಂದಿ ಯಾವಾಗಲೂ ದೊರಕುವುದಿಲ್ಲವೆಂಬುದು ಗ್ರಂಥಕಾರನಿಗೆ ತಿಳಿದಿತ್ತು. ಕಾಲದ ಪರಿಸ್ಥಿತಿಗೆ ತಕ್ಕಂತೆ ನಾಲ್ಕು ನಾಲ್ಕನ್ನು ಇಳಿಸುತ್ತ ೪೪, ೪೦ ಎಂದು ಕಡೆಗೆ ನಾಲ್ವರವರೆಗೂ ಬರಬಹುದು. ಅತ್ಯಂತ ಸಂಕ್ಲಿಷ್ಟವಾದ ಕಾಲದಲ್ಲಿ ಇಬ್ಬರಾದರೂ ಸಾಕು. ಆದರೆ ಒಬ್ಬನೇ ನಿರ್ಯಾಪಕನಿರುವುದಕ್ಕೆ ಯಾವ ಕಾಲದಲ್ಲಿಯೂ ಸಮ್ಮತಿಯಿಲ್ಲ.

ಇದಕ್ಕೆ ಕೊಟ್ಟಿರುವ ಕಾರಣ ಸರಳವಾದುದು. ಒಬ್ಬನೇ ಇದ್ದರೆ ಅವನು ಭಿಕ್ಷೆಗೂ ದೇಹಬಾಧೆಗೂ ಎದ್ದುಹೋಗಬೇಕು, ನಿದ್ದೆಮಾಡಬೇಕು. ಆಗ ಕ್ಷಪಕನನ್ನು ಬಿಟ್ಟಂತಾಯಿತು. ಇವನ್ನೆಲ್ಲ ಬಿಟ್ಟು ಕುಳಿತೇ ಇದ್ದರೆ ತನ್ನನ್ನು ತಾನು ಬಿಟ್ಟಂತಾಯಿತು. ಎರಡರಲ್ಲಿ ಒಬ್ಬರ ನಾಶ ತಪ್ಪದು. ಒಂಟಿಯಾದ ಕ್ಷಪಕನು ಹಸಿವು ಬಾಯಾರಿಕೆಗಳ ಪೀಡೆಯಿಂದ ಅಯೋಗ್ಯವಾದುದನ್ನು ಬೇಡಬಹುದು, ಸಮಾಧಿಯಿಲ್ಲದೆ ಪ್ರಾಣವನ್ನು ಬಿಡಬಹುದು. ಅಪಯಶಸ್ಸು ಧರ್ಮಕ್ಕೆ ಬರುವುದು. ಸೇವಕನ ದೇಹಕ್ಕೂ ಊಟ ನಿದ್ದೆಗಳು ಬೇಕೆಂಬುದನ್ನು ಸೇವೆಯ ನಿಯಮದ ಒಳಗೇ ಸೇರಿಸಿರುವುದು ಈ ಭಾಗದ ವೈಶಿಷ್ಟ್ಯ. ತ್ಯಾಗವನ್ನೇ ಪರಮಾರ್ಥವೆಂದು ಸಾರುವ ಗ್ರಂಥವೊಂದು ಪರಿಚಾರಕನ ಆತ್ಮನಾಶವನ್ನು ತ್ಯಾಗವೆಂದು ಹೊಗಳದೆ ದೋಷವೆಂದು ಕರೆದಿದೆ.

ಇನ್ನೊಂದು ಮಿತಿಯೂ ಇದಕ್ಕೆ ಸೇರಿದುದು. ಒಬ್ಬನು ಸಂಸ್ತರವನ್ನು ಏರಿರುವಾಗ, ಮತ್ತೊಬ್ಬನು ತಪಸ್ಸಿನಿಂದ ದೇಹವನ್ನು ಕೃಶಮಾಡುತ್ತಿರುವಾಗ, ಮೂರನೆಯವನನ್ನು ಸಂಘದವರು ಅಂಗೀಕರಿಸಕೂಡದು. ಹೊಸಬನು ಬಂದಾಗ ಆಚಾರ್ಯನು ತನ್ನ ಸಂಘವನ್ನು ಕೇಳಿ, ಒಪ್ಪಿಗೆ ಪಡೆದೇ ಸ್ವೀಕರಿಸಬೇಕು. ಬಂದವನೂ ಸಂಘವೂ ಪರಸ್ಪರ ಪರೀಕ್ಷಿಸಿಕೊಳ್ಳಬೇಕು. ಯೋಗ್ಯನಾದ ನಿರ್ಯಾಪಕಾಚಾರ್ಯನನ್ನು ಅರಸುತ್ತ ಐನೂರು, ಆರುನೂರು, ಏಳುನೂರು ಯೋಜನಗಳಾದರೂ ಹೋಗಬಹುದು, ೧೨ ವರ್ಷಗಳಾದರೂ ಅರಸಬಹುದು ಎಂದಿರುವುದರಿಂದ, ಎಡೆ ದೊರಕಿದರೆ ಸಾಕೆಂಬ ಮನೋಭಾವ ಇಲ್ಲಿಲ್ಲವೆಂಬುದು ಸ್ಪಷ್ಟ.

೫. ಆಚಾರ್ಯನ ಗುಣಗಳು

ಇಂಥ ಸೇವೆಯ ಮೇಲ್ವಿಚಾರಣೆಯನ್ನು ವಹಿಸುವ ಆಚಾರ್ಯನಿಗೆ ಎಂಟು ಗುಣಗಳನ್ನು ಹೇಳಿದೆ: ಆಚಾರವಾನ್, ಆಧಾರವಾನ್, ವ್ಯವಹಾರವಾನ್, ಪ್ರಕರ್ತಾ, ಆಯಾಪಾಯದರ್ಶೀ, ಉತ್ಪೀಲಕ, ಅಪರಿಸ್ರಾವೀ, ನಿರ್ವಾಪಕ. ಇವುಗಳಲ್ಲಿ ಮೂರು ಪ್ರಕೃತ ವಿಷಯಕ್ಕೆ ವಿಶೇಷವಾಗಿ ಸಲ್ಲುತ್ತವೆ. ಪ್ರಕರ್ತಾ ಎಂದರೆ ಕೈಯಾರೆ ಸೇವೆಮಾಡುವವನು; ಕ್ಷಪಕನು ಹೊರಗೆ ಹೋಗುವಾಗ, ಒಳಗೆ ಬರುವಾಗ, ಹಾಸುಗೆಯಲ್ಲಿ ಹೊರಳುವಾಗ ಆಚಾರ್ಯನೇ ಆಸರೆಯಾಗತಕ್ಕದ್ದು. ಅಪರಿಸ್ರಾವೀ ಎಂದರೆ ಸೋರದವನು. ಕಾದ ಕಬ್ಬಿಣವು ಹೀರಿದ ನೀರು ಹೊರಕ್ಕೆ ಬಾರದಂತೆ, ಕ್ಷಪಕನು ಒಪ್ಪಿಕೊಂಡ ದೋಷಗಳು ಇವನಿಂದ ಹೊರಬೀಳಬಾರದು. ನಿರ್ವಾಪಕನೆಂದರೆ ತಣಿಸುವವನು, ವೇದನೆಯಿಂದ ಕಂಗೆಟ್ಟು ಕೂಗಿದವನನ್ನು, ವ್ರತವನ್ನು ಮರೆತು ಅನ್ನವನ್ನು ಬೇಡಿದವನನ್ನು, ಅವನು ಗದರಿಸದೆ ಇನಿದಾದ ಮಾತುಗಳಿಂದ ಎಚ್ಚರಿಸಬೇಕು.

ವೈಯಾವೃತ್ತ್ಯ ಅಥವಾ ಸೇವೆಯು ಜೈನರ ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ತತ್ತ್ವಾರ್ಥಸೂತ್ರವು ಅದಕ್ಕೆ ಪಾತ್ರರಾದವರನ್ನು ಹತ್ತು ಬಗೆಯಾಗಿ ಎಣಿಸುತ್ತದೆ. ಅವರಲ್ಲಿ ಗ್ಲಾನನೆಂದರೆ ರೋಗಾದಿಗಳಿಂದ ಬಳಲಿದವನು. ಬರಿಯ ಸ್ವಾಧ್ಯಾಯನಿರತನು ತನ್ನನ್ನು ಮಾತ್ರ ಉದ್ಧರಿಸಿಕೊಳ್ಳುವನು, ವೈಯಾವೃತ್ತ್ಯವನ್ನು ಮಾಡುವವನಾದರೋ ತನ್ನನ್ನೂ ಪರರನ್ನೂ ಉದ್ಧರಿಸುವನೆಂಬುದು ಶಿವಾರ್ಯನ ಅಭಿಪ್ರಾಯ. ಶಾಸ್ತ್ರಪಾಠಕ್ಕಿಂತ ಹಾಸುಗೆಯ ಬಳಿಯ ಕೆಲಸವನ್ನು ಮೇಲೆತ್ತಿರುವ ಈ ಮಾತು ಶಾಸ್ತ್ರಗ್ರಂಥದಲ್ಲಿಯೇ ಬಂದಿರುವುದರಿಂದ ಅದರ ಬೆಲೆ ಹೆಚ್ಚು.

೬. ಬೌದ್ಧ ಮತ್ತು ವೈದ್ಯಕ ಗ್ರಂಥಗಳೊಡನೆ ಹೋಲಿಕೆ

ವಿನಯಪಿಟಕದ ಮಹಾವಗ್ಗದಲ್ಲಿ ಅತಿಸಾರದಿಂದ ತನ್ನ ಮಲದಲ್ಲಿಯೇ ಬಿದ್ದಿದ್ದ ಭಿಕ್ಷುವೊಬ್ಬನ ಪ್ರಸಂಗವಿದೆ. ಅವನು ಇತರ ಭಿಕ್ಷುಗಳಿಗೆ ಉಪಯೋಗವಿಲ್ಲದವನಾದ್ದರಿಂದ ಯಾರೂ ನೋಡಿಕೊಂಡಿರಲಿಲ್ಲ. ಬುದ್ಧನು ಆನಂದನಿಂದ ನೀರು ತರಿಸಿ, ಇಬ್ಬರೂ ಸೇರಿ ಅವನನ್ನು ತೊಳೆದು ಮಂಚದ ಮೇಲೆ ಮಲಗಿಸಿದ ಮೇಲೆ, ಗುರುಶಿಷ್ಯರು ಪರಸ್ಪರ ಶುಶ್ರೂಷೆ ಮಾಡಬೇಕೆಂದೂ ಯಾರೂ ಇಲ್ಲದವನಿಗೆ ಸಂಘವೇ ಹೊಣೆಯೆಂದೂ ವಿಧಿಸಿದನು. ಒಳ್ಳೆಯ ಶುಶ್ರೂಷಕನ ಐದು ಗುಣಗಳು ಅಲ್ಲಿ ಉಕ್ತವಾಗಿವೆ: ಔಷಧವನ್ನು ಸಿದ್ಧಪಡಿಸುವ ಸಾಮರ್ಥ್ಯ, ಪಥ್ಯಾಪಥ್ಯಗಳ ತಿಳಿವು, ಲಾಭವನ್ನು ಬಯಸದ ಮೈತ್ರಿ, ಮಲಮೂತ್ರಾದಿಗಳಿಗೆ ಅಸಹ್ಯಪಡದಿರುವುದು, ಧರ್ಮಕಥೆಯಿಂದ ಸಂತೋಷಪಡಿಸುವ ಶಕ್ತಿ. ಚರಕನು ಪರಿಚಾರಕನಿಗೆ ಹೇಳುವ ಗುಣಗಳು ನಾಲ್ಕು: ಉಪಚಾರಜ್ಞಾನ, ದಾಕ್ಷ್ಯ, ಅನುರಾಗ, ಶೌಚ.

ಮೂರನ್ನೂ ಎದುರಿಟ್ಟು ನೋಡಿದರೆ ಭೇದವು ಹೀಗೆ ತೋರುತ್ತದೆ. ಚರಕನೂ ವಿನಯಕಾರನೂ ಪರಿಚಾರಕನ ಗುಣವನ್ನು ವಿಚಾರಿಸುತ್ತಾರೆ. ಶಿವಾರ್ಯನು ಗುಣದೊಡನೆ ಸಂಖ್ಯೆಯನ್ನೂ, ಸರದಿಯನ್ನೂ, ಕನಿಷ್ಠಮಿತಿಯನ್ನೂ ವಿಚಾರಿಸುತ್ತಾನೆ. ಒಳ್ಳೆಯವನೊಬ್ಬನು ದೊರೆತರೆ ಪರಿಚರ್ಯೆ ಚೆನ್ನಾಗುವುದೆಂಬ ನಂಬಿಕೆಯನ್ನು ಅವನು ಪೂರ್ತಿಯಾಗಿ ಒಪ್ಪಿದಂತೆ ಕಾಣುವುದಿಲ್ಲ.

೭. ಕನ್ನಡ ಕಥೆಗಳಲ್ಲಿ

ವಡ್ಡಾರಾಧನೆಯ ಆರನೆಯದಾದ ಭದ್ರಬಾಹುಭಟಾರರ ಕಥೆಯನ್ನು ಈ ನಿಯಮಗಳ ಬೆಳಕಿನಲ್ಲಿ ಓದಬೇಕು. ದ್ವಾದಶವರ್ಷದ ಕ್ಷಾಮವನ್ನು ಅರಿತು ಸಂಘವು ದಕ್ಷಿಣಾಪಥಕ್ಕೆ ಬರುತ್ತದೆ. ತಮ್ಮ ಆಯುಷ್ಯವು ಅಲ್ಪವೆಂದು ತಿಳಿದ ಭಟಾರರು ಸಂಘವನ್ನು ಮುಂದಕ್ಕೆ ಕಳುಹಿಸಿ ಕಳ್ಬಪ್ಪಿನಲ್ಲಿ ನಿಲ್ಲುತ್ತಾರೆ. ಚಂದ್ರಗುಪ್ತಮುನಿಯೊಬ್ಬನು ಸೇವೆಗಾಗಿ ಉಳಿಯುತ್ತಾನೆ. ಶಾಸ್ತ್ರವು ನಿಷೇಧಿಸಿದ ಏಕನಿರ್ಯಾಪಕಸ್ಥಿತಿಯೇ ಇದು. ಕಥೆಯು ಆ ತೊಡಕನ್ನು ಮರೆಮಾಚುವುದಿಲ್ಲ. ಜನರಿಲ್ಲದ ಕಾಡಿನಲ್ಲಿ ಸೇವಕನಿಗೆ ಭಿಕ್ಷೆ ಎಲ್ಲಿಂದ ಬರಬೇಕೆಂಬ ಪ್ರಶ್ನೆಯೇ ಅಲ್ಲಿ ಮುಂದಾಗುತ್ತದೆ. ಹಸಿದಿರುವ ಶಿಷ್ಯನನ್ನು ಗುರುವೇ ಚರಿಗೆಗೆ ಕಳುಹಿಸುತ್ತಾನೆ. ವನದೇವತೆಯಿಂದ ಒದಗಿದ ಆಹಾರವು ವಿಧಿಪೂರ್ವಕವಾದುದಲ್ಲವೆಂದು ಶಿಷ್ಯನು ಕೊಳ್ಳದೆ ಹಿಂದಿರುಗುತ್ತಾನೆ. ಬರಿಯ ಅದ್ಭುತವೆಂದು ತೋರುವ ಈ ಪ್ರಸಂಗಕ್ಕೆ ಶಾಸ್ತ್ರದ ಹಿನ್ನೆಲೆಯನ್ನು ಕೊಟ್ಟರೆ ಅದರ ಅವಶ್ಯಕತೆ ತಿಳಿಯುತ್ತದೆ. ಮನುಷ್ಯರಲ್ಲಿ ಎರಡನೆಯ ನಿರ್ಯಾಪಕನಿಲ್ಲದಿದ್ದಾಗ ದೈವವೇ ಆ ಸ್ಥಾನವನ್ನು ತುಂಬಬೇಕಾಯಿತು.

ಕ್ರಿ. ಶ. ೧೧೧೨ರಲ್ಲಿ ಮುಳುಗುಂದದ ನಯಸೇನನು ರಚಿಸಿದ ಧರ್ಮಾಮೃತದಲ್ಲಿ ಸಮ್ಯಕ್ತ್ವದ ಅಂಗಗಳಲ್ಲೊಂದಾದ ನಿರ್ವಿಚಿಕಿತ್ಸೆಗೆ ಉದ್ದಾಯನ ಮಹಾರಾಜನ ಕಥೆ ನಿದರ್ಶನವಾಗಿದೆ. ವ್ಯಾಧಿಪೀಡಿತ ಮುನಿಯ ವೇಷದಿಂದ ಬಂದ ದೇವನು ಉಂಡುದನ್ನು ಕಾರಿದಾಗ, ಅರಸನು ಹೇಸದೆ ತನ್ನ ಕೈಯಿಂದಲೇ ಶುಶ್ರೂಷೆಮಾಡಿದನೆಂಬುದು ಅದರ ಸಾರ. ಹೇಸಿಕೆಯಿಲ್ಲದಿರುವುದನ್ನು ಬೌದ್ಧರು ಶುಶ್ರೂಷಕನ ಯೋಗ್ಯತೆಯೆಂದರು; ಜೈನರು ಅದನ್ನು ಶ್ರದ್ಧೆಯ ಅಂಗವಾಗಿಯೇ ಇಟ್ಟು ಗೃಹಸ್ಥನಿಗೂ ಅನ್ವಯಿಸಿದರು.

೮. ಶಾಸನಗಳ ಸಾಕ್ಷ್ಯ

ಶಾಸನಗಳಲ್ಲಿ ಗುರುವಿನ ಸನ್ನಿಧಿ ಉಕ್ತವಾಗಿರುವುದು ಉಂಟು. ಗಂಗರ ಮಾರಸಿಂಹನು ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಆರಾಧನೆಯಿಂದ ಮುಡಿಪಿದನೆಂದು ಕೂಗೆಬ್ರಹ್ಮದೇವರ ಕಂಬದ ಶಾಸನ ತಿಳಿಸುತ್ತದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು ೧೧೩೧ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ತರುವಾಯ, ಅವಳ ತಾಯಿ ಮಾಚಿಕಬ್ಬೆಯು ಬೆಳ್ಗೊಳದಲ್ಲಿ ತನ್ನ ಗುರುಗಳ ಸಮಕ್ಷಮದಲ್ಲಿ ಒಂದು ತಿಂಗಳ ಕಾಲ ಅನಶನವ್ರತದಲ್ಲಿದ್ದು ಮುಡಿಪಿದಳು. ಮಗಳನ್ನು ಕಳೆದುಕೊಂಡ ತಾಯಿಯ ಆ ೩೦ ದಿನಗಳನ್ನೂ ೩೦ ರಾತ್ರಿಗಳನ್ನೂ ಶಾಸನವು ವ್ರತದ ದಾರ್ಢ್ಯವೆಂಬಂತೆ ಕೊಂಡಾಡುತ್ತದೆ. ಬಳಿಯಲ್ಲಿದ್ದು ಉಪಚರಿಸಿದ ಕೈಗಳ ಮಾತು ಅಲ್ಲಿಲ್ಲ.

ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ಬೇರೊಂದು ಬಗೆಯದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವೂ ಅನಾಥರೋಗಿಗಳಿಗೆ ಚಿಕಿತ್ಸೆಯೂ ದೊರಕುವ ಸ್ಥಾನವೆಂದು ಆ ಕಾಳಾಮುಖಮಠವು ವರ್ಣಿತವಾಗಿದೆ. ಆಶ್ರಯವನ್ನು ಪಡೆದವರ ಪಟ್ಟಿ ಇಲ್ಲಿ ದೀರ್ಘವಾಗಿದೆ, ಆಶ್ರಯದ ಗುಣವನ್ನು ಅಳೆಯುವ ಸಾಧನವಿಲ್ಲ. ತಮಿಳುನಾಡಿನ ತಿರುಮುಕ್ಕೂಡಲಿನ ವೀರರಾಜೇಂದ್ರಚೋಳನ ಕಾಲದ ಶಾಸನದಲ್ಲಿ ಮಾತ್ರ ೧೫ ಹಾಸುಗೆಗಳ ಆತುರಶಾಲೆಗೆ ವೈದ್ಯನು, ಶಸ್ತ್ರವೈದ್ಯನು, ಮೂಲಿಕೆ ತರುವವರು, ಶುಶ್ರೂಷೆಯ ಹೆಂಗಸರು ಮೊದಲಾದವರ ಸಂಖ್ಯೆಯೂ ಜೀವನವೂ ನಿರ್ದಿಷ್ಟವಾಗಿವೆ. ದಾನಶಾಸನವು ದಾತನ ಪುಣ್ಯವನ್ನು ಉಳಿಸಲು ಹುಟ್ಟಿದುದು. ಪರಿಚಾರಕನ ಲೆಕ್ಕ ಅದರಲ್ಲಿ ಬರುವುದು ಸಂಬಳದ ನಿಮಿತ್ತದಿಂದ. ಸಂಬಳವಿಲ್ಲದ ನಿರ್ಯಾಪಕನು ಆದುದರಿಂದಲೇ ಕಲ್ಲಿನ ಮೇಲೆ ಕಾಣಿಸಿಕೊಳ್ಳಲಿಲ್ಲವೆಂದು ಊಹಿಸಬಹುದು.

೯. ಒಂದು ಆಕ್ಷೇಪ ಮತ್ತು ಅದರ ವಿಚಾರ

ಸಾವನ್ನು ಬಯಸಿ ಬಂದವನಿಗೆ ಮಾಡುವ ಸೇವೆಯನ್ನು ಬದುಕಿರಬೇಕಾದ ವೃದ್ಧರ ಆರೈಕೆಗೆ ಹೋಲಿಸುವುದು ಯುಕ್ತವೇ ಎಂಬ ಆಕ್ಷೇಪ ಹುಟ್ಟಬಹುದು. ಸಲ್ಲೇಖನದ ವಿಧಿಬದ್ಧತೆಯ ಬಗ್ಗೆಯೇ ವಿವಾದವಿದೆ: ೨೦೧೫ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಅದನ್ನು ಆತ್ಮಹತ್ಯೆಯೆಂದು ಎಣಿಸಿತು, ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಡೆಹಿಡಿಯಿತು. ಆ ವಿವಾದವು ಮರಣದ ಹಕ್ಕನ್ನು ಕುರಿತದ್ದು. ನಿರ್ಯಾಪಕವಿಧಿಯ ಪ್ರಶ್ನೆ ಬೇರೆ: ಗುಣವಾಗುವ ಆಸೆಯಿಲ್ಲದವನ ವಿಷಯದಲ್ಲಿ ಪರಿಚರ್ಯೆ ಒಳ್ಳೆಯದಾಯಿತೆ ಕೆಟ್ಟದಾಯಿತೆ ಎಂದು ಅಳೆಯುವುದು ಹೇಗೆ? ವೈದ್ಯನಿಗೆ ರೋಗನಿವೃತ್ತಿಯೇ ಪ್ರಮಾಣ. ಮುಪ್ಪಿಗೆ ನಿವೃತ್ತಿಯಿಲ್ಲ. ಆದ್ದರಿಂದ ಶಿವಾರ್ಯನು ಕ್ಷಪಕನ ಚಿತ್ತಸಮಾಧಿಯನ್ನು ಫಲಪ್ರಮಾಣವಾಗಿಯೂ, ಜನಸಂಖ್ಯೆ, ಸರದಿ, ಶುದ್ಧಿ, ಎಡೆ, ಮಾತು ಇವುಗಳನ್ನು ಸಾಧನಪ್ರಮಾಣಗಳಾಗಿಯೂ ಇಟ್ಟನು.

ಆಧುನಿಕ ಕಾಲದಲ್ಲಿ ಇದೇ ಪ್ರಶ್ನೆ ಮತ್ತೆ ಎದ್ದಿದೆ. ೧೯೬೬ರಲ್ಲಿ ಅವೇಡಿಸ್ ಡೊನಬೀಡಿಯನ್ ಎಂಬ ವಿದ್ವಾಂಸನು ಆರೈಕೆಯ ಗುಣವನ್ನು ಏರ್ಪಾಟು, ನಡವಳಿ, ಫಲ ಎಂಬ ಮೂರು ಮುಖಗಳಿಂದ ಪರೀಕ್ಷಿಸಬೇಕೆಂದು ಪ್ರತಿಪಾದಿಸಿದನು. ಅಮೆರಿಕದಲ್ಲಿ ೧೯೮೭ರ ಶಾಸನವು ವೃದ್ಧರ ಶುಶ್ರೂಷಾಲಯಗಳಿಗೆ ದಾದಿಯರ ಕನಿಷ್ಠ ಹಾಜರಿಯನ್ನೂ ನಿವಾಸಿಗಳ ಹಕ್ಕುಗಳನ್ನೂ ವಿಧಿಸಿತು. ಭಾರತದಲ್ಲಿ ೨೦೦೭ರಲ್ಲಿ ಆದ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಶಾಸನದ ೧೯ನೆಯ ಪ್ರಕರಣವು, ಜಿಲ್ಲೆಗೆ ಒಂದರಂತಾದರೂ ಕನಿಷ್ಠ ೧೫೦ ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ರಾಜ್ಯಸರ್ಕಾರಗಳು ಸ್ಥಾಪಿಸಬಹುದೆಂದು ಹೇಳಿ, ಅವುಗಳ ಸೇವೆಯ ಮಟ್ಟವನ್ನು ನಿಯಮಿಸುವ ಕೆಲಸವನ್ನು ರಾಜ್ಯಗಳಿಗೆ ಬಿಟ್ಟಿದೆ. ಪ್ರಾಚೀನಗ್ರಂಥವೊಂದರಲ್ಲಿ ಆಧುನಿಕ ನಿಯಮಗಳು ಮೊದಲೇ ಇದ್ದುವೆಂದು ಹೊಗಳುವುದು ಇತಿಹಾಸಕಾರನ ಕೆಲಸವಲ್ಲ. ಶಿವಾರ್ಯನ ವಿಧಿ ಮುನಿಸಂಘಕ್ಕೆ ಸಂಬಂಧಪಟ್ಟದ್ದು. ಊರಿನ ಅನಾಥ ಮುದುಕಿಗೆ ಅದು ೪೮ ಮಂದಿಯನ್ನಲ್ಲ, ಒಬ್ಬರನ್ನೂ ಒದಗಿಸಲಿಲ್ಲ.

ಹೀಗಿದ್ದರೂ ಈ ಗ್ರಂಥಭಾಗದಿಂದ ಎರಡು ಸಂಗತಿಗಳು ಸ್ಥಿರಪಡುತ್ತವೆ. ಕನ್ನಡನಾಡಿನಲ್ಲಿ ಓದಿ ಕೇಳಿ ನಡೆದುಕೊಂಡ ಶಾಸ್ತ್ರವೊಂದರಲ್ಲಿ ಮುಪ್ಪಿನ ಪರಿಚರ್ಯೆಯು ಕರುಣೆಗೆ ಬಿಟ್ಟ ವಿಷಯವಾಗಿರದೆ, ಎಣಿಸಿ ಹಂಚಬೇಕಾದ ಕರ್ತವ್ಯವಾಗಿತ್ತು. ಮತ್ತು ಆ ಕರ್ತವ್ಯದ ಕೆಳಗಿನ ಮೇರೆಯನ್ನು ಶಾಸ್ತ್ರಕಾರನು ಖಚಿತವಾಗಿ ಗುರುತಿಸಿದ್ದನು: ಮಲಗಿದವನ ಬಳಿ ಇಬ್ಬರಿಗೆ ಕಡಮೆಯಿಲ್ಲದಂತೆ ಇರಬೇಕು. ಚಿಕ್ಕಬೆಟ್ಟದ ಒಂದೊಂದು ನಿಸಿದಿಯನ್ನು ಓದುವಾಗಲೂ ಕಲ್ಲಿನಲ್ಲಿ ಹೆಸರಿಲ್ಲದ ಆ ಇನ್ನಿಬ್ಬರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಶಾಸನಗಳ ಅರ್ಥ ಪೂರ್ಣವಾಗುತ್ತದೆ.